ಬಿಸಿಯಾದಾಗ ಆಯಿಲ್ ಪ್ರೆಶರ್ ಇಳಿಯುತ್ತಿದೆಯೇ? ಇಂಜಿನ್ ಬಿಚ್ಚುವ ಮೊದಲು ಅಳೆದು ನೋಡಿ

ಪ್ರಶ್ನೆ: ನನ್ನದು ಇಪ್ಪತ್ತೈದು ವರ್ಷ ಹಳೆಯ ಡೀಸೆಲ್ ಜೀಪ್. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಆಯಿಲ್ ಮೀಟರಿನ ಮುಳ್ಳು 60 ಪಿಎಸ್‌ಐಗೆ ಹೋಗುತ್ತದೆ. ವಿಜಯಪುರ ಮುಟ್ಟಿ ಗಾಡಿ ನಿಲ್ಲಿಸಿದಾಗ ಸ್ಲೋದಲ್ಲಿ (ರೇಸ್ ಕೊಡದೆ ಇಂಜಿನ್ ಓಡುವಾಗ) 8–10ಕ್ಕೆ ಇಳಿದಿರುತ್ತದೆ. ರೇಸ್ ಕೊಟ್ಟರೆ 35 ದಾಟುತ್ತದೆ. ಒಬ್ಬ ಮಿಸ್ತ್ರಿ ಹೊಸ ಆಯಿಲ್ ಪಂಪ್ ಹಾಕಿಸಿ ಅನ್ನುತ್ತಾರೆ, ಇನ್ನೊಬ್ಬರು ಇಂಜಿನ್ ಕೆಲಸಕ್ಕೆ ಬಂದಿದೆ ಅನ್ನುತ್ತಾರೆ. 20ಡಬ್ಲ್ಯು-50 ಆಯಿಲ್ ಹಾಕಿದರೆ ಸರಿಹೋದೀತೇ? (ಜಮಖಂಡಿಯ ಓದುಗರು)

ಉತ್ತರ: ಸದ್ಯಕ್ಕೆ ಪಂಪೂ ಬೇಡ, ಇಂಜಿನ್ ಬಿಚ್ಚುವುದೂ ಬೇಡ. ನಿಮ್ಮ ಮೀಟರ್ ನಿಜ ಹೇಳುತ್ತಿದ್ದರೆ ಇಂಜಿನ್ ಸವೆದಿದೆ, ಆದರೆ ಕೈಬಿಟ್ಟಿಲ್ಲ. ಮೊದಲು ಮೀಟರ್ ನಿಜ ಹೇಳುತ್ತಿದೆಯೇ ಎಂದು ನೋಡಬೇಕು.

ಒಂದು ವಿಷಯ ಮನಸ್ಸಿನಲ್ಲಿರಲಿ. ಪಂಪ್ ಪ್ರೆಶರ್ ಹುಟ್ಟಿಸುವುದಿಲ್ಲ, ಪ್ರತಿ ಸುತ್ತಿಗೂ ಇಂತಿಷ್ಟು ಎಂದು ಆಯಿಲ್ ತಳ್ಳುತ್ತದೆ ಅಷ್ಟೇ. ಆ ಆಯಿಲ್ ಮೇನ್ ಬೇರಿಂಗ್, ಬಿಗ್ ಎಂಡ್ ಬೇರಿಂಗ್, ಕ್ಯಾಮ್ ಬುಷ್, ರಾಕರ್ ಶಾಫ್ಟ್‌ಗಳ ಸಣ್ಣ ಸಂದಿನಲ್ಲಿ ನುಸುಳಿ ಹೊರಬರಬೇಕಾಗಿರುವುದರಿಂದ ಪ್ರೆಶರ್ ಬರುತ್ತದೆ. ಹೊಲದ ಪೈಪಿನ ಬಾಯಿಗೆ ಬೆರಳು ಒತ್ತಿದಾಗ ನೀರು ರಭಸವಾಗುವುದೂ ಇದೇ ಲೆಕ್ಕ. ಸವೆದು ಸಂದು ದೊಡ್ಡದಾದರೂ, ಕಾದು ಆಯಿಲ್ ತೆಳುವಾದರೂ ಮುಳ್ಳು ಇಳಿಯುತ್ತದೆ. ಬೆಳಿಗ್ಗೆ ಆಯಿಲ್ ತಣ್ಣಗೆ ದಪ್ಪಗಿರುತ್ತದೆ, ಹೆಚ್ಚಾದ ಪ್ರೆಶರ್ ಹೊರಬಿಡುವ ರಿಲೀಫ್ ವಾಲ್ವ್ ತಡೆಯುವವರೆಗೆ ಮುಳ್ಳು ಏರುತ್ತದೆ. ಆದ್ದರಿಂದ ಬೆಳಗಿನ 60 ನೋಡಿ ಸಮಾಧಾನಪಡುವ ಹಾಗಿಲ್ಲ. ನೀರಿನ ಶಾಖದ ಮೀಟರ್ ಏರಿದ ಕೂಡಲೇ ತೆಗೆದ ಅಂಕಿಯೂ ನಂಬಿಕೆಗೆ ಸಾಲದು. ಆಯಿಲ್ ನೀರಿಗಿಂತ ತಡವಾಗಿ ಕಾಯುತ್ತದೆ. 15–20 ಕಿ.ಮೀ. ಓಡಿಸಿ ಬಂದು ಅಳೆಯಿರಿ.

ಗಾಡಿಯ ಮ್ಯಾನುಯಲ್ ಇದ್ದರೆ ಅದರ ಅಂಕಿಯೇ ಅಂತಿಮ. ಇಲ್ಲದಿದ್ದರೆ ಹಳೆ ಇಂಜಿನ್ನುಗಳಿಗೆ ಒಂದು ಗ್ಯಾರೇಜ್ ಲೆಕ್ಕವಿದೆ: ಚೆನ್ನಾಗಿ ಕಾದ ಮೇಲೆ ಪ್ರತಿ 1000 ಆರ್‌ಪಿಎಂಗೆ ಕನಿಷ್ಠ 10 ಪಿಎಸ್‌ಐ. 750ರ ಸ್ಲೋಗೆ 8 ಅಂದರೆ ಗಡಿಯ ಮೇಲಿದ್ದೀರಿ. 2000ಕ್ಕೆ ಕನಿಷ್ಠ 20 ಬೇಕು. ಒಳ್ಳೆಯ ಸ್ಥಿತಿಯ ಇಂಜಿನ್ ಸಾಮಾನ್ಯವಾಗಿ 35ರಿಂದ 55 ಕೊಡುತ್ತದೆ. ಮೀಟರ್ ಬಾರ್ ಲೆಕ್ಕದಲ್ಲಿದ್ದರೆ 1 ಬಾರ್ ಅಂದರೆ 14.5 ಪಿಎಸ್‌ಐ.

ಡ್ಯಾಶ್‌ಬೋರ್ಡಿನ ಕರೆಂಟಿನಿಂದ ನಡೆಯುವ ಆಯಿಲ್ ಮೀಟರ್ ಹಳೆಯದಾದಂತೆ ತಪ್ಪು ತೋರಿಸುವುದು ತೀರಾ ಸಾಮಾನ್ಯ. ಇಂಜಿನ್ ಬ್ಲಾಕಿನಲ್ಲಿರುವ ಸೆಂಡರ್ (ಪ್ರೆಶರ್ ಅಳೆದು ಮೀಟರಿಗೆ ತಿಳಿಸುವ ಭಾಗ) ಬಿಚ್ಚಿ, ಆ ಜಾಗದಲ್ಲಿ 0–10 ಬಾರ್‌ನ ಮೆಕ್ಯಾನಿಕಲ್ ಗೇಜನ್ನು ಹೋಸ್ ಪೈಪಿನಿಂದ ಜೋಡಿಸಿ. ಥ್ರೆಡ್ ಹಲವು ಗಾಡಿಗಳಲ್ಲಿ 1/8 ಇಂಚಿನದು, ಕೆಲವದರಲ್ಲಿ ಎಂ10 × 1. ಸೆಂಡರನ್ನೇ ಅಂಗಡಿಗೆ ಒಯ್ದು ಹೊಂದುವ ಅಡಾಪ್ಟರ್ ತನ್ನಿ. ಹೊಂದದ ಥ್ರೆಡ್ಡನ್ನು ಒತ್ತಾಯದಿಂದ ತಿರುಗಿಸಿದರೆ ಬ್ಲಾಕ್ ಸೀಳುತ್ತದೆ. ಪೈಪು ಫ್ಯಾನು, ಬೆಲ್ಟು, ಸೈಲೆನ್ಸರ್‌ಗೆ ತಾಗದಂತೆ ಕಟ್ಟಿ, ಸ್ಲೋದಲ್ಲಿ ಒಮ್ಮೆ, 1000ಕ್ಕೊಮ್ಮೆ, 2000ಕ್ಕೊಮ್ಮೆ ಬರೆದುಕೊಳ್ಳಿ. ಸೆಂಡರ್ ಮರಳಿ ಹಾಕುವಾಗ ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತಿ ಸುತ್ತಿ ಹಾಕಬೇಡಿ. ಅದಕ್ಕೆ ಅರ್ಥಿಂಗ್ ಬ್ಲಾಕಿನಿಂದಲೇ ಸಿಗಬೇಕು, ಟೇಪ್ ಹೆಚ್ಚಾದರೆ ಅದು ತಪ್ಪಿ ಮೀಟರ್ ಮತ್ತೆ ಸುಳ್ಳು ಹೇಳುತ್ತದೆ.

ಗೇಜಿನಲ್ಲೂ ಅದೇ ಅಂಕಿ ಬಂದರೆ ಅದನ್ನು ಓದುವುದು ಹೀಗೆ. ಸ್ಲೋದಲ್ಲಿ ಕಡಿಮೆ, ರೇಸಿಗೆ ಸರಿ ಎಂದರೆ ಬೇರಿಂಗ್ ಸಂದು ಹೆಚ್ಚಿದೆ ಅಥವಾ ಆಯಿಲ್ ತೆಳುವಾಗಿದೆ. ನಿಮ್ಮದು ಈ ಗುಂಪು. ಎಲ್ಲ ಸ್ಪೀಡಿನಲ್ಲೂ ಕಡಿಮೆ ಎಂದರೆ ರಿಲೀಫ್ ವಾಲ್ವ್ ತೆರೆದೇ ಸಿಕ್ಕಿಕೊಂಡಿರಬಹುದು, ಇಲ್ಲವೇ ಪಂಪ್ ಸವೆದಿರಬಹುದು. ಸ್ಲೋದಲ್ಲಿ ಸರಿಯಿದ್ದು ರೇಸ್ ಕೊಟ್ಟಾಗ ಬಿದ್ದರೆ ಸ್ಟ್ರೇನರ್ (ಪಂಪಿಗೆ ಹೋಗುವ ಆಯಿಲ್ ಸೋಸುವ ಜಾಲಿ) ಕಟ್ಟಿದೆ ಅಥವಾ ಪಂಪ್ ಗಾಳಿ ಎಳೆಯುತ್ತಿದೆ.

ಬೇರಿಂಗ್ ಎಂದು ತೀರ್ಮಾನಿಸುವ ಮುನ್ನ ಆಯಿಲನ್ನೇ ಅನುಮಾನಿಸಿ. ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ತಾನಾಗಿ ಏರುತ್ತಿದೆಯೇ? ಬೆರಳಿಗೆ ಹಚ್ಚಿ ಮೂಸಿದರೆ ಡೀಸೆಲ್ ವಾಸನೆ ಬರುತ್ತದೆಯೇ? ಬ್ಲಾಕಿಗೆ ಕೂರಿಸಿದ ಫೀಡ್ ಪಂಪಿನ ಡಯಾಫ್ರಮ್ ಹರಿದರೆ ಡೀಸೆಲ್ ನೇರ ಚೇಂಬರಿಗೆ (ಇಂಜಿನ್ ತಳದ ಆಯಿಲ್ ತೊಟ್ಟಿಗೆ) ಇಳಿಯುತ್ತದೆ. ಹನಿಸುವ ಇಂಜೆಕ್ಟರ್ ಇದ್ದರೂ ಸಿಲಿಂಡರ್ ಗೋಡೆ ತೊಳೆದುಕೊಂಡು ಕೆಳಗೆ ಬರುತ್ತದೆ. ಬಿಳಿ ಕಾಗದದ ಮೇಲೆ ಒಂದು ಹನಿ ಆಯಿಲ್ ಬಿಟ್ಟು ರಾತ್ರಿಯಿಡೀ ಇಡಿ. ನಡುವಿನ ಕಪ್ಪು ಕಲೆಯ ಸುತ್ತ ತೆಳುವಾದ, ಎಣ್ಣೆಯಂತೆ ಹೊಳೆಯುವ ಅಗಲ ಉಂಗುರ ಹರಡಿದ್ದರೆ ಡೀಸೆಲ್ ಬೆರೆತಿದೆ ಎಂದು ಬಲವಾಗಿ ಅನುಮಾನಿಸಬಹುದು. ಆ ಸೋರಿಕೆ ನಿಲ್ಲಿಸಿ, ಆಯಿಲ್ ಮತ್ತು ಫಿಲ್ಟರ್ ಬದಲಿಸಿ ಮತ್ತೆ ಅಳೆಯಿರಿ. ಎಷ್ಟೋ ಇಂಜಿನ್ನುಗಳು ಇಲ್ಲಿಗೇ ಸರಿಹೋಗುತ್ತವೆ. ಆಯಿಲ್ ಹಾಲಿನಂತೆ ಬಿಳಿಚಿದ್ದರೆ ಮಾತ್ರ ಗಾಡಿ ಓಡಿಸಬೇಡಿ, ನೀರು ಸೇರಿದೆ.

ಇನ್ನು 20ಡಬ್ಲ್ಯು-50. ಡಬ್ಲ್ಯುಗಿಂತ ಮೊದಲಿನ ಅಂಕಿ ಚಳಿಯಲ್ಲಿನ ನಡತೆಯದು, ಕೊನೆಯ ಅಂಕಿ 100 ಡಿಗ್ರಿಯಲ್ಲಿನ ದಪ್ಪದ್ದು. ಆ ಶಾಖದಲ್ಲಿ 40ರ ಆಯಿಲ್ 12.5ರಿಂದ 16.3 ಸೆಂಟಿಸ್ಟೋಕ್, 50ರದು 16.3ರಿಂದ 21.9. ನಮ್ಮ ಬಾಗಲಕೋಟೆ, ವಿಜಯಪುರದ ಬಿಸಿಲಿಗೆ 20ಡಬ್ಲ್ಯು ಎಂದೂ ಅಡ್ಡಿಯಾಗದು. ಸವೆದ ಹಳೆ ಇಂಜಿನ್ನಿಗೆ ಡೀಸೆಲ್ ದರ್ಜೆಯ 20ಡಬ್ಲ್ಯು-50 ಹಾಕುವುದು ನ್ಯಾಯವಾದ ಉಪಾಯ, ಸ್ಲೋದಲ್ಲಿ ಕೆಲವು ಪಿಎಸ್‌ಐ ಏರೀತು. ಆದರೆ ಸವೆತ ಅಲ್ಲಿಗೆ ನಿಲ್ಲುವುದಿಲ್ಲ. ರಿಲೀಫ್ ವಾಲ್ವಿನ ಸ್ಪ್ರಿಂಗಿಗೆ ವಾಷರ್ ಇಟ್ಟು ಪ್ರೆಶರ್ ಏರಿಸುತ್ತೇವೆ ಎನ್ನುವವರಿಗೆ ಗಾಡಿ ಕೊಡಬೇಡಿ. ಸಂದಿನಿಂದ ಆಯಿಲ್ ಸೋರಿ ಹೋಗುವ ಇಂಜಿನ್ನಿನಲ್ಲಿ ಬಿಸಿ ಸ್ಲೋ ಹೊತ್ತಿಗೆ ಆ ವಾಲ್ವ್ ಮುಚ್ಚಿಯೇ ಇರುತ್ತದೆ, ವಾಷರ್ ಅಲ್ಲಿ ಏನನ್ನೂ ಮಾಡದು. ಬೆಳಗಿನ ದಪ್ಪ ಆಯಿಲಿಗೆ ಮಾತ್ರ ಪ್ರೆಶರ್ ಮಿತಿಮೀರಿ ಫಿಲ್ಟರ್ ಉಬ್ಬುತ್ತದೆ.

ಬಿಸಿಯಾದಾಗ ಸ್ಲೋ ಅಂಕಿ 5ಕ್ಕಿಂತ ಕೆಳಗಿಳಿದರೆ, ಅಥವಾ ಕೆಳಗಿನಿಂದ ಧಡ್ ಧಡ್ ಸದ್ದು ಕೇಳಿದರೆ, ಚೇಂಬರ್ ಇಳಿಸಿ. ಒಂದು ಮೇನ್ ಕ್ಯಾಪ್ ಬಿಚ್ಚಿ, ಶೆಲ್ (ಬೇರಿಂಗಿನ ಪಟ್ಟಿ) ಮತ್ತು ಜರ್ನಲ್ (ಅದರೊಳಗೆ ತಿರುಗುವ ಕ್ರ್ಯಾಂಕಿನ ಭಾಗ) ಒರೆಸಿ, ಜರ್ನಲ್ ಉದ್ದಕ್ಕೆ ಸಂದು ಅಳೆಯುವ ಮೆತ್ತನೆಯ ಪ್ಲಾಸ್ಟಿಗೇಜಿನ ಎಳೆ ಇಟ್ಟು ಟಾರ್ಕ್ ವ್ರೆಂಚಿನಿಂದ ಕ್ಯಾಪ್ ಬಿಗಿಯಿರಿ. ಕ್ರ್ಯಾಂಕ್ ಅಲುಗಾಡಬಾರದು. ಮತ್ತೆ ಬಿಚ್ಚಿದಾಗ ಎಳೆ ಚಪ್ಪಟೆಯಾಗಿರುತ್ತದೆ, ಅದರ ಅಗಲವನ್ನು ಜೊತೆಗೆ ಬಂದ ಕಾಗದದ ಪಟ್ಟಿಗೆ ಹಿಡಿದರೆ ಸಂದು ಗೊತ್ತಾಗುತ್ತದೆ. ಸಾಮಾನ್ಯವಾಗಿ 0.04ರಿಂದ 0.08 ಮಿ.ಮೀ. ಒಳ್ಳೆಯದು, 0.12 ದಾಟಿದರೆ ಕೆಲಸ ಬಂದಿದೆ. ಜರ್ನಲ್ ನುಣುಪಾಗಿ, ಮೈಕ್ರೋಮೀಟರಿಗೆ ದುಂಡಗಿದ್ದರೆ ಅದೇ ಸೈಜಿನ ಹೊಸ ಶೆಲ್ ಸಾಕು. ಗೆರೆ ಬಿದ್ದಿದ್ದರೆ ಕ್ರ್ಯಾಂಕ್ ಗ್ರೈಂಡ್ ಮಾಡಿಸಿ 0.25 ಅಥವಾ 0.50 ಮಿ.ಮೀ. ಅಂಡರ್‌ಸೈಜ್ ಶೆಲ್ ಹಾಕಿಸಬೇಕು.

ಪ್ರಶ್ನೆ: ಗೋವಾದಿಂದ ಬೆಳಗಾವಿಗೆ ಮರಳುವಾಗ ಚೋರ್ಲಾ ಘಾಟ್ ಏರಿನಲ್ಲಿ ನನ್ನ ಗೂಡ್ಸ್ ಗಾಡಿಯ ಕೆಂಪು ಆಯಿಲ್ ಲೈಟ್ ಮಿಣುಕುತ್ತದೆ, ಸಪಾಟು ರಸ್ತೆಗೆ ಬಂದರೆ ಆರುತ್ತದೆ. ಸ್ವಿಚ್ ಬದಲಿಸಿದರೂ ಹಾಗೇ ಇದೆ. (ಬೆಳಗಾವಿಯ ಓದುಗರು)

ಉತ್ತರ: ಲೈಟ್ ಮಿಣುಕಿದಾಗ ಇಂಜಿನ್ ಬಂದ್ ಮಾಡಿ ಪಕ್ಕಕ್ಕೆ ನಿಲ್ಲಿಸಲೇಬೇಕು. ಆ ಸ್ವಿಚ್ ಸಾಮಾನ್ಯವಾಗಿ 0.3ರಿಂದ 0.5 ಬಾರ್‌ನಲ್ಲಿ ಕೂಡುತ್ತದೆ. ಅಂದರೆ ಲೈಟ್ ಹತ್ತುವ ಹೊತ್ತಿಗೆ ಪ್ರೆಶರ್ ಬಹುತೇಕ ಹೋಗಿಯೇ ಆಗಿದೆ. ಏರಿನ ಲೋಡಿನಲ್ಲಿ ಬಿಗ್ ಎಂಡ್ ಬೇರಿಂಗ್ ಸುಡಲು ಹೆಚ್ಚು ಹೊತ್ತು ಬೇಡ.

ಏರಿನಲ್ಲಿ ಆಯಿಲ್ ಚೇಂಬರಿನ ಹಿಂಬದಿಗೆ ಸರಿಯುತ್ತದೆ. ಮಟ್ಟ ಕಡಿಮೆಯಿದ್ದರೆ ಸ್ಟ್ರೇನರ್ ಗಾಳಿ ಎಳೆಯುತ್ತದೆ. ಸಪಾಟು ಜಾಗದಲ್ಲಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಮಟ್ಟ ಮ್ಯಾಕ್ಸ್ ಗೆರೆಗೆ ಮುಟ್ಟಿದ್ದರೂ ತೊಂದರೆ ಬಂದರೆ ಕೆಳಗೆ ಮಲಗಿ ಚೇಂಬರ್ ತಪಾಸಿಸಿ. ಕಲ್ಲು ಬಡಿದು ತಗ್ಗು ಬಿದ್ದಿದ್ದರೆ ತಗಡು ಸ್ಟ್ರೇನರಿಗೆ ಅಂಟಿ ಆಯಿಲ್ ಹೋಗುವ ದಾರಿ ಮುಚ್ಚಿರುತ್ತದೆ. ಇದನ್ನು ಯಾರೂ ನೋಡುವುದಿಲ್ಲ. ಮ್ಯಾಕ್ಸ್ ದಾಟಿ ತುಂಬಿಸಿದರೂ ಕೇಡೇ: ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಮಾಡುತ್ತದೆ, ನೊರೆಗೆ ಪ್ರೆಶರ್ ನಿಲ್ಲುವುದಿಲ್ಲ.

ಚೇಂಬರ್ ಇಳಿಸಿದಾಗ ಸ್ಟ್ರೇನರ್ ಜಾಲಿಯನ್ನು ಬೆಳಕಿಗೆ ಹಿಡಿಯಿರಿ. ಮುಂಚೆ ಯಾರಾದರೂ ಗ್ಯಾಸ್ಕೆಟ್ ಬದಲು ಸಿಲಿಕೋನ್ ಧಾರಾಳವಾಗಿ ಹಚ್ಚಿದ್ದರೆ ಅದರ ಚೂರುಗಳು ಅಲ್ಲೇ ಸಿಗುತ್ತವೆ. ಡೀಸೆಲ್‌ನಲ್ಲಿ ತೊಳೆದು ಗಾಳಿ ಊದಿ. ಸ್ಟ್ರೇನರಿನಿಂದ ಪಂಪಿಗೆ ಹೋಗುವ ಪಿಕಪ್ ಪೈಪಿನ ಓ-ರಿಂಗ್ ಅಥವಾ ಪ್ಯಾಕಿಂಗ್ ಹೊಸದೇ ಹಾಕಿ, ಗಟ್ಟಿಯಾದ ಹಳೆಯ ರಿಂಗ್‌ನಿಂದ ಗಾಳಿ ಸೇರುತ್ತದೆ. ಪಂಪಿನ ಮುಚ್ಚಳ ತೆಗೆದು ಸ್ಕೇಲ್ ಅಡ್ಡ ಇಟ್ಟು ಗೇರಿನ ಮೇಲಿನ ಸಂದಿಗೆ ಫೀಲರ್ ಗೇಜ್ ತೂರಿಸಿ. 0.10 ಮಿ.ಮೀ. ಒಳಗಿದ್ದರೆ ಪಂಪ್ ಸರಿಯಿದೆ, 0.15 ದಾಟಿದರೆ ಬದಲಿಸಿ. ಜೋಡಿಸುವಾಗ ಗೇರುಗಳ ನಡುವೆ ವ್ಯಾಸಲೀನ್ ತುಂಬಿ, ಒಣ ಪಂಪ್ ಆಯಿಲ್ ಎತ್ತದೆ ಒದ್ದಾಡುತ್ತದೆ. ಗ್ರೀಸ್ ಬೇಡ, ಅದು ಕರಗದೆ ಸಣ್ಣ ದಾರಿಗಳಲ್ಲಿ ಕೂರುತ್ತದೆ.

ಪ್ರಶ್ನೆ: ಆಯಿಲ್ ಮತ್ತು ಫಿಲ್ಟರ್ ಬದಲಿಸಿದ ಮೇಲೆ ದಿನಾ ಬೆಳಿಗ್ಗೆ ಲೈಟ್ ಆರಲು ಐದಾರು ಸೆಕೆಂಡ್ ಹಿಡಿಯುತ್ತಿದೆ. ಮೊದಲು ಹೀಗಿರಲಿಲ್ಲ. (ವಿಜಯಪುರದ ಓದುಗರು)

ಉತ್ತರ: ಹೊಸ ಫಿಲ್ಟರನ್ನೇ ಅನುಮಾನಿಸಿ. ಒಳಗಿನ ರಬ್ಬರ್ ವಾಲ್ವ್ ಆಯಿಲನ್ನು ರಾತ್ರಿ ಕೆಳಗಿಳಿಯದಂತೆ ಹಿಡಿಯಬೇಕು. ಅಗ್ಗದ ಫಿಲ್ಟರಿನಲ್ಲಿ ಅದು ಸರಿಯಾಗಿ ಕೂರದೆ ಬೆಳಗಾಗುವಷ್ಟರಲ್ಲಿ ಫಿಲ್ಟರ್ ಖಾಲಿಯಾಗಿರುತ್ತದೆ. ನಿಮ್ಮ ಇಂಜಿನ್ನಿನ ನಂಬರಿಗೆ ಹೊಂದುವ ಒಳ್ಳೆಯ ಫಿಲ್ಟರ್ ತನ್ನಿ, ನೆಟ್ಟಗೆ ಕೂರುವಂಥದ್ದಾದರೆ ಆಯಿಲ್ ತುಂಬಿಯೇ ತಿರುಗಿಸಿ. ಇಂಜಿನ್ ಬಂದ್ ಮಾಡುವ ಸ್ಟಾಪ್ ಕೇಬಲ್ ಇರುವ ಹಳೆ ಡೀಸೆಲ್ ಗಾಡಿಯಾದರೆ, ಫಿಲ್ಟರ್ ಬದಲಿಸಿದ ದಿನ ಕೇಬಲ್ ಎಳೆದು ಹಿಡಿದು ಲೈಟ್ ಆರುವವರೆಗೆ ಸೆಲ್ಫ್ ಹೊಡೆಯಿರಿ, ಒಂದು ಸಲಕ್ಕೆ ಹತ್ತು ಸೆಕೆಂಡ್ ಮೀರದಂತೆ. ಆಮೇಲೆ ಕೇಬಲ್ ಬಿಟ್ಟು ಸ್ಟಾರ್ಟ್ ಮಾಡಿ.