ಇಷ್ಟದ ಹಾಲುಕಾಫಿ ಇದ್ದಕ್ಕಿದ್ದಂತೆ ಒಗ್ಗದಂತಾದರೆ ಏನು ಮಾಡಬೇಕು?

ವಾಂತಿಭೇದಿಯಾಗಿ ಗುಣವಾದ ಮೇಲೆ ಫಿಲ್ಟರ್ ಕಾಫಿ, ಪಾಯಸ ಎರಡೂ ಹೊಟ್ಟೆಯುಬ್ಬರ ತರುತ್ತಿವೆ ಎಂದಿದ್ದೀರಿ. ಇಲ್ಲಿ ತಪ್ಪು ಕಾಫಿಯದಲ್ಲ, ಹಾಲಿನದಿರಬಹುದು. ಹಾಲಿನಲ್ಲಿರುವ ಲ್ಯಾಕ್ಟೋಸ್ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವವು ಸಣ್ಣ ಕರುಳಿನ ಒಳಪದರದಲ್ಲಿ ತಯಾರಾಗುತ್ತದೆ. ಬಾಲ್ಯ ಕಳೆದಂತೆ ಅನೇಕರಲ್ಲಿ ತಾನಾಗಿಯೇ ಕಡಿಮೆಯಾಗುವ ಅದು, ಸೋಂಕಿನಿಂದ ಆ ಪದರ ಘಾಸಿಗೊಂಡಾಗ ಇನ್ನಷ್ಟು ಕುಸಿಯುವುದರಿಂದ, ಜೀರ್ಣವಾಗದ ಸಕ್ಕರೆ ದೊಡ್ಡ ಕರುಳಿಗೆ ಇಳಿದು, ಅಲ್ಲಿ ಹುದುಗಿ ವಾಯುವನ್ನೂ ಭೇದಿಯನ್ನೂ ಉಂಟುಮಾಡುತ್ತದೆ. ಸೋಂಕಿನ ನಂತರದ ಈ ತೊಂದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿ ಇಳಿಯುತ್ತದೆ.

ಎರಡು ವಾರ ಹಾಲನ್ನು ಪೂರ್ತಿ ಬಿಟ್ಟು ನೋಡಿ. ಆ ಅವಧಿಯಲ್ಲಿ ಕೊಡಗಿನವರಂತೆ ಬೆಲ್ಲದ ಕಪ್ಪು ಕಾಫಿ ಕುಡಿದರೆ ನಾಲಿಗೆಯ ಚಪಲವೂ ತೀರುತ್ತದೆ, ಕಾಫಿ ನಿರ್ದೋಷಿಯೇ ಎಂಬುದೂ ತಿಳಿಯುತ್ತದೆ. ಅನಂತರ ಹಾಲನ್ನು ಊಟದೊಂದಿಗೆ ಸ್ವಲ್ಪಸ್ವಲ್ಪವಾಗಿ ಮರಳಿ ಸೇರಿಸಿ. ಕಿಣ್ವದ ಕೊರತೆಯಿರುವ ಅನೇಕರು ಒಮ್ಮೆಗೆ ಸುಮಾರು 12 ಗ್ರಾಂ ಲ್ಯಾಕ್ಟೋಸನ್ನು ತಾಳಿಕೊಳ್ಳುತ್ತಾರೆ; ಕಾಫಿಗೆ ಬೆರೆಸುವ 50 ಮಿಲಿಲೀಟರ್ ಹಾಲಿನಲ್ಲಿರುವುದು ಸುಮಾರು 2.5 ಗ್ರಾಂ ಮಾತ್ರ. ಹುಳಿ ಮೊಸರು ಹಾಲಿಗಿಂತ ಸುಲಭವಾಗಿ ಒಗ್ಗುತ್ತದೆ, ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೆನ್ನುವಷ್ಟು ಕಡಿಮೆ, ಆದರೆ ಹಾಲನ್ನು ಬತ್ತಿಸಿ ಮಾಡುವ ಪೇಡ, ಬಾಸುಂದಿಗಳಿಗೆ ಸದ್ಯ ಕೈಹಾಕದಿರುವುದು ಜಾಣತನ. ಕ್ಯಾಲ್ಸಿಯಂಗೆ ರಾಗಿ ಮುದ್ದೆಯಿದೆ.

ಮಲದಲ್ಲಿ ರಕ್ತ, ಜ್ವರ ಅಥವಾ ಕಾರಣವಿಲ್ಲದೆ ತೂಕ ಇಳಿಕೆ ಕಂಡರೆ ಈ ಪ್ರಯೋಗಗಳನ್ನೆಲ್ಲ ಬದಿಗಿಟ್ಟು ವೈದ್ಯರನ್ನು ಕಾಣಿರಿ.