ಪ್ರತಿ: ಸ್ಪೈ ಕಿಡ್ಸ್ ನಾಲ್ಕನೇ ಭಾಗ ಮಕ್ಕಳಿಗೆ ತೋರಿಸಬಹುದಾ?

ಪುಟ್ಟ ಗೂಢಚಾರರ ಹಾಲಿವುಡ್ ಸಿನಿಮಾ ಸರಣಿ ಸ್ಪೈ ಕಿಡ್ಸ್‌ನ ಮೊದಲ ಮೂರೂ ಭಾಗ ಇಷ್ಟಪಟ್ಟ ಮಕ್ಕಳಿಗೆ 2011ರ ನಾಲ್ಕನೆಯದನ್ನು ತೋರಿಸಬಹುದಾ, ಸಿನಿಮಾ ನೋಡುತ್ತಾ ಉಜ್ಜಿ ಮೂಸುವ ವಾಸನೆ ಕಾರ್ಡ್ ಇಲ್ಲದೆ ಮಜಾ ಬರುತ್ತಾ ಅಂತ ಮಂಡ್ಯದಿಂದ ಕೇಳಿದ್ದೀರಿ. ತೋರಿಸಿ, ಆದರೆ ಕಾಲಯಾನ ಅಂತ ಆಸೆ ಹುಟ್ಟಿಸಬೇಡಿ. ಸಿನಿಮಾದ ಬಹುಪಾಲು ಕಾಲ ಬೇಗಬೇಗ ಓಡುವುದರ ಬಗ್ಗೆ. ಹಿಂದಕ್ಕೆ ಹೋಗುವ ವಿಷಯ ಬರುವುದು ಕೊನೆಗೆ, ಅದೂ ಅವಸರದಲ್ಲಿ. ಖಳನಾಯಕ ಟೈಮ್‌ಕೀಪರ್ ಯಾರು, ಅವನಿಗೆ ತಂದೆಯ ಹಂಬಲ ಯಾಕೆ ಅನ್ನೋದೇ ಇಡೀ ಕಥೆಯ ಜೀವ. ಅದನ್ನು ಮಾತಲ್ಲಿ ಹೇಳಿ ಮುಗಿಸಿಬಿಟ್ಟಿದ್ದಾರೆ, ನನಗೆ ನಿಜಕ್ಕೂ ಬೇಸರದ ಸಂಗತಿ ಅದೇ. ಚಿಕ್ಕವರು ಗೊಂದಲಕ್ಕೆ ಬೀಳುವುದೂ ಅಲ್ಲೇ, ನಿಲ್ಲಿಸಿ ವಿವರಿಸಿ. ಮೊದಲ ಭಾಗಗಳ ಅಕ್ಕ-ತಮ್ಮ ಕಾರ್ಮೆನ್, ಜೂನಿ ದೊಡ್ಡವರಾಗಿ ಬರುತ್ತಾರೆ, ಆದರೆ ನಾಯಕರು ಹೊಸ ಮಕ್ಕಳು. ಇದನ್ನು ಮೊದಲೇ ಹೇಳಿಬಿಡಿ.

ಥಿಯೇಟರಲ್ಲಿ ಕೊಡುತ್ತಿದ್ದ ಕಾರ್ಡಲ್ಲಿ 1ರಿಂದ 8ರವರೆಗೆ ಗುರುತುಗಳಿದ್ದವು. ಪರದೆ ಮೇಲೆ ಅಂಕಿ ಬಂದಾಗ ಉಜ್ಜಿ ಮೂಸಬೇಕು. ಒಂದೇ ಕಾಗದದಲ್ಲಿ ಎಂಟು ವಾಸನೆ ಅಂದರೆ ಒಂದಕ್ಕೊಂದು ಬೆರೆಯದೆ ಇರುತ್ತಾ?

ಮನೆಯಲ್ಲೇ ಮಾಡುವುದಾದರೆ ಮುಚ್ಚಳ ಇರುವ ಎಂಟು ಪುಟ್ಟ ಡಬ್ಬಿ ತಗೊಂಡು ಅಂಕಿ ಬರೆಯಿರಿ. ಕಾಫಿಪುಡಿ, ಕಿತ್ತಳೆ ಸಿಪ್ಪೆ, ಏಲಕ್ಕಿ, ನಮ್ಮ ಕಡೆಯ ಬೆಲ್ಲ, ಮೈಸೂರು ಮಲ್ಲಿಗೆ ಹೀಗೆ ತುಂಬಿ. ನೀವೊಮ್ಮೆ ಸಿನಿಮಾ ಓಡಿಸಿ ಯಾವ ಅಂಕಿಗೆ ಯಾವುದು ಹೊಂದುತ್ತೆ ನೋಡಿಕೊಳ್ಳಿ. ಊದುಬತ್ತಿ, ಕರ್ಪೂರ ಬೇಡ, ಕೋಣೆಯೆಲ್ಲ ಅದೇ ತುಂಬಿಕೊಂಡು ಮಿಕ್ಕಿದ್ದು ಮೂಗಿಗೇ ಹತ್ತಲ್ಲ. ಮಲ್ಲಿಗೆಯನ್ನು ಕೊನೇ ಗಳಿಗೆಯಲ್ಲಿ ಹಾಕಿ, ಬಾಡಿದರೆ ಘಮ ಹೋಗುತ್ತೆ. ಮೂಸಿದ ತಕ್ಷಣ ಮುಚ್ಚಳ ಹಾಕಿಸಿ.