ಸಂಪಾದಕರ ಉತ್ತರ: ರಾಜಧಾನಿಗೆ ರಾಜ್ಯದ ಸ್ಥಾನವೇಕೆ?

ಶರಾವತಿ ಹಿನ್ನೀರಿನ ತುಮರಿಯಿಂದ ಬರೆದ ಓದುಗರಿಗೆ ನಮಸ್ಕಾರ.

ಕಳೆದ ಸಂಚಿಕೆಯಲ್ಲಿ ಅಮೆರಿಕದ ರಾಜಧಾನಿ ವಾಷಿಂಗ್ಟನ್ ಕುರಿತು ಬಂದ ಲೇಖನವನ್ನು ಓದಿ, ಸರ್ಕಾರವೇ ನೆಲೆಸಿರುವ ಊರಿಗೆ ರಾಜ್ಯದ ಸ್ಥಾನಮಾನವಿಲ್ಲದಿದ್ದರೆ ನಷ್ಟವೇನು, ಇದು ಬರೀ ಗೌರವದ ಪ್ರಶ್ನೆಯಲ್ಲವೇ, ನಮ್ಮ ದೆಹಲಿಯ ಕಥೆಯೂ ಹೀಗೆಯೇ ಇದೆಯೇ ಎಂದು ತಾವು ಕೇಳಿದ್ದೀರಿ. ಹಣ ಹಂಚುವ ಸದನದಲ್ಲಿ ಮತವಿಲ್ಲದವರ ಪಾಲು ಇತರರ ಮರ್ಜಿಗೆ ಬಿಟ್ಟದ್ದಾಗುತ್ತದೆ. ಆದ್ದರಿಂದ ಇದನ್ನು ಗೌರವದ ಪ್ರಶ್ನೆಯೆಂದಷ್ಟೇ ನಾನು ಎಣಿಸಲಾರೆ.

2020ರ ಜನಗಣತಿಯಂತೆ ವಾಷಿಂಗ್ಟನ್ನಿನ ಜನಸಂಖ್ಯೆ ಸುಮಾರು 6.9 ಲಕ್ಷ. ಅದಕ್ಕಿಂತ ಕಡಿಮೆ ಜನರಿರುವ ವಯೋಮಿಂಗ್ ರಾಜ್ಯಕ್ಕೆ ಅಮೆರಿಕ ಸಂಸತ್ತಿನ ಮೇಲ್ಮನೆಯಲ್ಲಿ ಇಬ್ಬರು ಸದಸ್ಯರು, ಅಂದರೆ ಸೆನೆಟರುಗಳಿದ್ದಾರೆ. ರಾಜಧಾನಿಗೆ ಒಬ್ಬರೂ ಇಲ್ಲ. ಕೆಳಮನೆಯಲ್ಲಿರುವ ಅದರ ಏಕೈಕ ಪ್ರತಿನಿಧಿ ಮಾತನಾಡಬಹುದು, ಸಮಿತಿಗಳಲ್ಲಿ ಕೂರಬಹುದು, ಆದರೆ ಮಸೂದೆಯನ್ನು ಮತಕ್ಕೆ ಹಾಕಿದಾಗ ಕೈಕಟ್ಟಿ ಕುಳಿತಿರಬೇಕು. ಕೇಂದ್ರದ ಆದಾಯ ತೆರಿಗೆಯನ್ನು ಮಾತ್ರ ಅಲ್ಲಿನವರು ಎಲ್ಲರಂತೆಯೇ ಕಟ್ಟುತ್ತಾರೆ.

ಇದರ ಫಲ 2020ರ ಕೊರೋನಾ ಪರಿಹಾರದ ಹಂಚಿಕೆಯಲ್ಲಿ ಕಣ್ಣಿಗೆ ರಾಚುವಂತೆ ಕಂಡಿತು. ಪ್ರತಿ ರಾಜ್ಯಕ್ಕೂ ಕನಿಷ್ಠ 125 ಕೋಟಿ ಡಾಲರ್ ಗೊತ್ತುಮಾಡಿದ ಕಾನೂನು ವಾಷಿಂಗ್ಟನ್ನನ್ನು ದೂರದ ದ್ವೀಪ ಪ್ರದೇಶಗಳ ಸಾಲಿಗೆ ಸೇರಿಸಿದ್ದರಿಂದ, ಅದಕ್ಕೆ ದಕ್ಕಿದ್ದು ಸುಮಾರು 50 ಕೋಟಿ. ಉಳಿದ ಹಣಕ್ಕಾಗಿ ಮರುವರ್ಷದವರೆಗೆ ಕಾಯಬೇಕಾಯಿತು. ನನಗೆ ಇದಕ್ಕಿಂತಲೂ ಅನ್ಯಾಯವೆನಿಸುವುದು 2025ರ ಮಾರ್ಚ್ ತಿಂಗಳ ಪ್ರಸಂಗ: ನಗರವು ಬಹುಪಾಲು ತನ್ನ ಜನರಿಂದಲೇ ಎತ್ತಿದ ತೆರಿಗೆಯಿಂದ ರೂಪಿಸಿದ್ದ ಆಯವ್ಯಯವನ್ನು ಸಂಸತ್ತು ಹಿಂದಿನ ವರ್ಷದ ಮಟ್ಟಕ್ಕೆ ಇಳಿಸಿ, ಸುಮಾರು 100 ಕೋಟಿ ಡಾಲರಿನಷ್ಟು ಕೊರತೆಯನ್ನು ತಂದೊಡ್ಡಿತು. ಹೊರಗಿನಿಂದ ಬಂದು ಅಲ್ಲಿ ದುಡಿಯುವವರ ಆದಾಯಕ್ಕೆ ತೆರಿಗೆ ಹಾಕುವುದಕ್ಕೂ 1973ರ ಸ್ವಯಮಾಡಳಿತ ಕಾಯ್ದೆ ಅಡ್ಡಬರುತ್ತದೆ.

ಶರಾವತಿ ಹಿನ್ನೀರಿನಲ್ಲಿ ಲಾಂಚ್ ಕಾದು ಬೇಸತ್ತ ತಮ್ಮ ಕಡೆಯವರು ದಶಕಗಳ ಕಾಲ ಕೇಳಿದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈಯಲ್ಲಷ್ಟೇ ಸಂಚಾರಕ್ಕೆ ತೆರೆದುಕೊಂಡಿತು. ತಡವಾದದ್ದು ನಿಜ, ಆ ತಡಕ್ಕೆ ಸಮರ್ಥನೆಯೂ ಇಲ್ಲ. ಆದರೂ ಮುತ್ತಿಗೆ ಹಾಕಿ ಕೇಳಲು ಒಬ್ಬ ಶಾಸಕರು, ಲೋಕಸಭೆಯಲ್ಲಿ ಮತ ಚಲಾಯಿಸಬಲ್ಲ ಒಬ್ಬ ಸಂಸದರು ತಮಗಿದ್ದರು.

ದೆಹಲಿಗೆ ಈ ವಿಷಯದಲ್ಲಿ ಅಷ್ಟು ಕೊರತೆಯಿಲ್ಲ: ಲೋಕಸಭೆಗೆ ಏಳು, ರಾಜ್ಯಸಭೆಗೆ ಮೂರು ಸದಸ್ಯರನ್ನು ಅದು ಕಳುಹಿಸುತ್ತದೆ, 1991ರ ಸಂವಿಧಾನ ತಿದ್ದುಪಡಿಯಿಂದ ವಿಧಾನಸಭೆಯನ್ನೂ ಪಡೆದಿದೆ. ಆದರೆ ಪೊಲೀಸು, ಸಾರ್ವಜನಿಕ ಸುವ್ಯವಸ್ಥೆ, ಭೂಮಿ ಈ ಮೂರೂ ಕೇಂದ್ರದ ಕೈಯಲ್ಲಿವೆ. ಹಣಕಾಸು ಆಯೋಗವು ಕೇಂದ್ರ ತೆರಿಗೆಯನ್ನು ಹಂಚುವುದು ರಾಜ್ಯಗಳಿಗೆ ಮಾತ್ರವಾದ್ದರಿಂದ, ಕೇಂದ್ರಾಡಳಿತ ಪ್ರದೇಶವಾದ ದೆಹಲಿಗೆ ಅದರಲ್ಲಿ ಪಾಲಿಲ್ಲ. ಅದರ ಬದಲು ಕೊಡುತ್ತಿದ್ದ ಅನುದಾನ 2001-02ರಿಂದ ಸುಮಾರು ಎರಡು ದಶಕ 325 ಕೋಟಿ ರೂಪಾಯಿಯಲ್ಲೇ ನಿಂತಿತ್ತು.